ಮೀನಿನ ಗಾಜಿನಲ್ಲಿ ಆಲದ ಗಿಡ

ಅಜ್ಜಿ ಸುಮಿರಾ ಮಗನ ಜೊತೆ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಮಾತು ಬಿಟ್ಟಿದ್ದಳೇ ಹೊರತು ಹೇಳುವುದನ್ನೇನೂ ಬಿಟ್ಟಿರಲಿಲ್ಲ. ನಾಲ್ಕನೇ ಮಹಡಿಯ ಆ ಒಂದೂವರೆ ಕೋಣೆಯ ಮನೆಯಲ್ಲಿ ಮಗ ಕಸ್ದಿ ಚಾಪೆಯ ಆ ತುದಿಗೆ ಕೂತಿದ್ದರೆ, ಅಜ್ಜಿ ಈ ತುದಿಯಿಂದ ಸೊಸೆಯ ಮುಖ ನೋಡಿ, "ನಿನ್ನ ಗಂಡನಿಗೆ ಹೇಳು, ಮೀನು ಆರಿದ್ರೆ ನಾತ ಹೊಡಿಯತ್ತೆ" ಅನ್ನುತ್ತಿದ್ದಳು. ಸೊಸೆ ಹರ್ಯಾತಿ ಗಂಡನ ಕಡೆ ತಿರುಗುತ್ತಿದ್ದಳು. ಅವನು ತಟ್ಟೆ ಎಳೆದುಕೊಳ್ಳುತ್ತಿದ್ದ. ಮೂವರ ನಡುವೆ ಎರಡು ಮೊಳ ದೂರ.

ಕಾರಣ ನಮ್ಮ ಕಟ್ಟಡದ ಎಲ್ಲರಿಗೂ ಗೊತ್ತಿತ್ತು. ನಾವೆಲ್ಲ ನದಿಯ ದಂಡೆಯ ವಾರಿಂಗಿನ್ ಲೋರ್ ಕೇರಿಯವರು. ಕೇರಿಗೆ ಆ ಹೆಸರು ಬಂದದ್ದು ಅಲ್ಲಿದ್ದ ಆಲದ ಮರದಿಂದ. ನದಿ ಅಗಲ ಮಾಡುತ್ತೇವೆ ಅಂತ ಬಂದವರು ಮನೆಮನೆಯ ಗೋಡೆಗೂ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಮರಕ್ಕೂ ಒಂದು ನಂಬರು, ನೂರಾ ಹದಿನೆಂಟು. ಮನೆ ಒಡೆಯುವುದಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಮರ ಕಡಿಯುವುದಕ್ಕೆ ಮಾತ್ರ ಕೇರಿಯ ಮುಖಂಡನ ಸಹಿ ಬೇಕು ಅಂದರು. ಕೂಲಿಯವರು ಹೆದರುತ್ತಿದ್ದರು, ಆ ಮರದಲ್ಲಿ ಕಣ್ಣಿಗೆ ಕಾಣದ ಕಾಯುವವನಿದ್ದಾನೆ ಅಂತ. ಕೇರಿಯೇ ಒಪ್ಪಿದೆ ಅನ್ನುವ ಕಾಗದ ತೋರಿಸದೆ ಅವರು ಗರಗಸ ಮುಟ್ಟುವಂತಿರಲಿಲ್ಲ.

ಮುಖಂಡ ಕಸ್ದಿ. ಮೇಲ್ವಿಚಾರಕ ಸುಗೆಂಗ್ ಬೆಳಗ್ಗೆಯೇ ಕಡತ ಹಿಡಿದು ಬಾಗಿಲಿಗೆ ಬಂದ. ಅಜ್ಜಿ ಆಗ ಅನ್ನ ಬಡಿಸುತ್ತಿದ್ದಳು. ಉಂಡು ಆಮೇಲೆ ಸಹಿ ಹಾಕು ಅಂದಳಂತೆ. ಅವನು "ಬಂದೆ ಇರಮ್ಮ" ಅಂತ ಎದ್ದುಹೋದ. ಸಂಜೆ ನಾಲ್ಕಕ್ಕೆ ಮರ ನೆಲಕ್ಕೆ ಬಿತ್ತು. ತಿಂಗಳಲ್ಲಿ ಕಸ್ದಿಗೆ ಈ ಕಟ್ಟಡಗಳ ರಿಪೇರಿ ಕೆಲಸವೂ ಎರಡು ನೀಲಿ ಅಂಗಿಯೂ ಸಿಕ್ಕವು. "ನಾನು ಸಹಿ ಹಾಕದಿದ್ರೂ ಕಡೀತಿದ್ರು" ಅಂತ ಅವನು ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಇರಬಹುದು. ಆದರೆ ಕಡಿಯುವವರು ಅವನ ಸಹಿಗೆ ಕಾದು ನಿಂತಿದ್ದರು ಅನ್ನುವುದೂ ಅಷ್ಟೇ ನಿಜ.

ಅವನ ಮಗಳು ನಿಂಗ್ರುಮ್‌ಗೆ ಇಪ್ಪತ್ತು ವರ್ಷ. ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಕೆಲಸ. ಮರ ಬಿದ್ದ ದಿನ ಅವಳು ಹಳೇ ಬಚ್ಚಲಿನ ಗೋಡೆಯ ಬಿರುಕಿನಿಂದ ಒಂದು ಗೇಣುದ್ದದ ಆಲದ ಸಸಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಮಗ್ಗಿನಲ್ಲಿ ಹೊಸ ಮನೆಗೆ ತಂದಿದ್ದಳು. ಮಹಡಿಯ ಓಣಿಯಲ್ಲಿ ಕುಂಡ ಇಡುವಂತಿಲ್ಲ, ಸೊಳ್ಳೆ ಆಗುತ್ತವೆ ಅಂತ ಫಲಕ ಇತ್ತು. ಕಟ್ಟಡದ ಹಿಂದೆ ಒಡೆದ ಕೊಳವೆಯಿಂದ ದಿನವಿಡೀ ಸುರಿಯುವ ನೀರಿನಲ್ಲಿ ಆಗುವ ಸೊಳ್ಳೆಗೆ ಫಲಕ ಇರಲಿಲ್ಲ. ಹಾಗಾಗಿ ಸಸಿ ಒಲೆಯ ಪಕ್ಕ ಕೂತು, ಕರಿದ ಎಣ್ಣೆಯ ಹೊಗೆ ಕುಡಿದು, ಆಗಾಗ ಒಂದೊಂದು ಎಲೆ ಉದುರಿಸಿತು.

"ಅದು ಅಳ್ತಿದೆ," ಅಂದಳು ಅಜ್ಜಿ.

"ಜಾಗ ಬದಲಾಯ್ಸಿದ್ರೆ ಈ ಜಾತಿ ಆಲ ಎಲೆ ಉದುರ್ಸತ್ತಂತೆ ಅಜ್ಜಿ. ಅಂಗಡಿ ಯಜಮಾನ್ರು ಹೇಳಿದ್ರು."

"ನಾನೂ ಅದೇ ಹೇಳಿದ್ದು."

ಅದು ಬರೀ ಒಂದು ಗಿಡದ ಮಾತಾಗಿ ಉಳಿಯಲಿಲ್ಲ. ವರ್ಷವರ್ಷ ನಮ್ಮ ಪಂಚಾಂಗದ ಆಪಿತ್ ತಿಂಗಳ ಮೊದಲ ಶುಕ್ರವಾರ ಆ ಮರದ ಬುಡದಲ್ಲಿ ಕೇರಿಯ ಊಟ. ಗೋಪುರದ ಹಾಗೆ ಒತ್ತಿ ನಿಲ್ಲಿಸಿದ ಗೋಪುರದನ್ನ ಮನೆಗೊಂದು, ಒಂದು ಪ್ರಾರ್ಥನೆ, ಬಾಳೆ ಎಲೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣುವುದು. ಕಛೇರಿಯ ಪಟ್ಟಿಯಿಂದ ಕೇರಿಯ ಹೆಸರನ್ನು ಅಳಿಸಿಯಾಗಿತ್ತು. ಈಗ ನಾವು 'ಸಿ' ಬ್ಲಾಕು. ಕೇರಿ ಅಂತ ಉಳಿದದ್ದು ಆ ಊಟ ಒಂದೇ. ಪ್ರಾರ್ಥನೆ ಹೇಳುವ ಪಾರ್ಮಾನ್ ಅಜ್ಜನನ್ನು ನೆಲ ಮಹಡಿಯ ಹಿಂಬದಿಯ ಕೋಣೆಗೆ ಹಾಕಿದ್ದರು. ನಾವು ಏಳೆಂಟು ಜನ ಅವನ ಬಾಗಿಲಿಗೆ ಹೋಗಿ ಈ ವರ್ಷ ಏನು ಮಾಡೋದು ಅಂತ ಕೇಳಿದೆವು.

"ಮರ ಇಲ್ದೆ ಊಟ ಇಲ್ಲ," ಅಂದ ಮುದುಕ. "ಒಂದ್ ವರ್ಷ ತಪ್ಪಿದ್ರೆ ಮುಂದೆ ಯಾರೂ ಮಾಡಲ್ಲ. ಆ ಹುಡುಗಿ ಹತ್ರ ಸಸಿ ಇದೆಯಲ್ಲ, ಆ ದಿನ ಅದ್ರಲ್ಲಿ ಒಂದು ಹಸಿರೆಲೆ ಇದ್ರೆ ಊಟ. ಇಲ್ದಿದ್ರೆ ಅವರವರ ಮನೇಲಿ ಅವರವರು ಉಣ್ಣಿ."

ಆ ದಿನಕ್ಕೆ ಹನ್ನೊಂದು ವಾರ ಇತ್ತು.

ಜನ್ಮದಲ್ಲಿ ಒಂದು ಮೆಣಸಿನ ಗಿಡವನ್ನೂ ಬೆಳೆಸದ ನಿಂಗ್ರುಮ್ ಅಂಗಡಿಯಿಂದ ಒಂದು ಬಿರುಕುಬಿಟ್ಟ ಮೀನಿನ ಗಾಜಿನ ಪೆಟ್ಟಿಗೆ ಹೊತ್ತು ತಂದಳು. ನೀರು ನಿಲ್ಲದ ಪೆಟ್ಟಿಗೆ, ಯಜಮಾನ ಪುಕ್ಕಟೆ ಕೊಟ್ಟಿದ್ದ. ತಳಕ್ಕೆ ಜಲ್ಲಿ, ಜಲ್ಲಿಯ ಮೇಲೆ ಕುಟ್ಟಿದ ಇದ್ದಿಲು, ಅದರ ಮೇಲೆ ಕರೀ ಮರಳು ಬೆರೆತ ಮಣ್ಣು, ಬುಡಕ್ಕೆ ಒಂದು ಹಿಡಿ ಪಾಚಿ. ಮೇಲೆ ಗಾಜಿನ ಮುಚ್ಚಳ. ಅರ್ಧ ಗಂಟೆಯಲ್ಲಿ ಒಳಗೆಲ್ಲ ಬೆವರಿತು. ಸಾಹೇಬರ ಮನೆಗಳಲ್ಲಿ ಇಂಥದ್ದನ್ನು ಅಂದಕ್ಕೆ ಇಡುತ್ತಾರೆ. ನಮ್ಮಲ್ಲಿ ಅದು ಆಸ್ಪತ್ರೆಯ ಮಂಚ.

ಮೊದಲನೇ ಜಗಳ ಬಿಸಿಲಿಗೆ. ಆ ಮನೆಗೆ ಬಿಸಿಲು ಬರುವುದೇ ಹತ್ತರಿಂದ ಹನ್ನೆರಡರವರೆಗೆ, ಒಂದೇ ಕಿಟಕಿಯಲ್ಲಿ, ಒಂದು ಮೊರದಗಲ. ಆ ಮೊರದಗಲದಲ್ಲಿ ಅಜ್ಜಿ ಮಿಕ್ಕ ಅನ್ನ ತಟ್ಟಿ ಒಣಗಿಸಿ, ಕರಿದು, ಕಟ್ಟಡದ ಮಕ್ಕಳಿಗೆ ಮಾರುತ್ತಿದ್ದಳು. ನಿಂಗ್ರುಮ್ ಒಂದು ಬೆಳಗ್ಗೆ ಅವಳ ಮೊರ ಸರಿಸಿ ಗಾಜಿನ ಪೆಟ್ಟಿಗೆ ಇಟ್ಟು ಕೆಲಸಕ್ಕೆ ಹೋದಳು. ಅಜ್ಜಿ ಮೊರವನ್ನು ಮೂಲೆಗಿಟ್ಟಳು, ಮರಕ್ಕೆ ತಾನೇ ಅಂತ. ರಾತ್ರಿ ನಿಂಗ್ರುಮ್ ಬಂದು ನೋಡಿದರೆ ಮುಚ್ಚಿದ ಗಾಜಿನೊಳಗೆ ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದವು.

"ಅನ್ನದ ಹಾಗೆ ಬೇಯ್ಸಿಟ್ಟಿದೀಯಲ್ಲೇ," ಅಂದಳು ಅಜ್ಜಿ. "ಹಬೆ ಬರ್ತಿತ್ತು. ನೀನು ಹಿಂಗೇ ಮಾಡು ಅಂದಿದೀಯೇನೋ ಅಂತ ನಾನು ಮುಟ್ಟಲಿಲ್ಲ."

"ಒಂದ್ ಮುಚ್ಚಳ ತೆಗಿಯಕ್ಕೆ ಏನಾಗಿತ್ತು ನಿಮಗೆ?"

"ನನ್ನ ಮೊರ ಸರ್ಸಕ್ಕೆ ಮುಂಚೆ ಕೇಳಿದ್ಯಾ ನನ್ನ?"

ಹನ್ನೆರಡು ಎಲೆಯಲ್ಲಿ ಏಳು ಉಳಿದವು. ಆಮೇಲೆ ಅವಳು ಅಂಗಡಿಯಿಂದ ಮೀನಿನ ಪೆಟ್ಟಿಗೆಯ ದೀಪ ತಂದು ಮೂಲೆಯಲ್ಲಿ ಕಟ್ಟಿದಳು. ದೀಪವೂ ಅನ್ನದ ಕುಕ್ಕರೂ ಇಸ್ತ್ರಿ ಪೆಟ್ಟಿಗೆಯೂ ಒಟ್ಟಿಗೆ ನಡೆದರೆ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಕಸ್ದಿ ಮೂರು ದಿನ ಸುಕ್ಕಾದ ನೀಲಿ ಅಂಗಿಯಲ್ಲೇ ಕೆಲಸಕ್ಕೆ ಹೋದ. ನಾಲ್ಕನೇ ದಿನ ಮೀನು ಸೀಳುವ ಕಾರ್ಖಾನೆಯಿಂದ ಬಂದ ಹರ್ಯಾತಿ ಕತ್ತಲಲ್ಲಿ ಅರ್ಧ ಬೆಂದ ಅನ್ನದ ಮುಂದೆ ಕೂತಳು. ಅತ್ತೆ ಆಗಲೇ ಶುರು ಮಾಡಿದ್ದಳು: ನಿನ್ನ ಗಂಡನಿಗೆ ಹೇಳು, ಅಂಗಿ ಸುಕ್ಕಾದ್ರೇನು, ಒಳಗಿರೋನು ಮೊದಲೇ ಸುಕ್ಕಾಗಿದಾನೆ ಅಂತ.

"ನಾನೇನು ನಿಮ್ಮಿಬ್ಬರ ಟೆಲಿಫೋನ್ ತಂತಿನಾ ಅತ್ತೆ?" ಅಂದಳು ಹರ್ಯಾತಿ. "ಹತ್ತು ಗಂಟೆ ಮಂಜುಗಡ್ಡೆ ನೀರಲ್ಲಿ ಕೈ ಇಟ್ಟು ಬಂದಿದೀನಿ. ಅವರು ಅಲ್ಲೇ ಕೂತಿದಾರೆ, ಬೈಯೋದಿದ್ರೆ ನೇರ ಬೈಯ್ರಿ. ನನ್ನ ಬಾಯಿಗೆ ನಿಮ್ಮ ಖಾರ ತುಂಬಬೇಡಿ."

ಮಾರನೇ ದಿನದಿಂದ ಇಸ್ತ್ರಿ ನಿಂತಿತು, ದೀಪ ಉಳಿಯಿತು. ಕಸ್ದಿಯೇ ಎಲ್ಲಿಂದಲೋ ಹಳೇ ತಂತಿ ತಂದು ದೀಪದ ಸಡಿಲ ಜೋಡಣೆಯನ್ನು ಬಿಗಿ ಮಾಡಿದ. ಅಜ್ಜಿ ಅದನ್ನು ಕಂಡೂ ಕಾಣದವಳಂತೆ ಗೋಡೆಯ ಕಡೆ ತಿರುಗಿ ಬೆಳ್ಳುಳ್ಳಿ ಬಿಡಿಸಿದಳು.

ಆರನೇ ವಾರಕ್ಕೆ ಗಿಡ ಚಿಗುರಿತು. ಕೆಂಪಗೆ ಸೂಜಿಯಂತೆ ಮೊಗ್ಗು, ಆಮೇಲೆ ಮಿಂಚುವ ಎಳೆಯೆಲೆ. ತುದಿ ಮುಚ್ಚಳಕ್ಕೆ ತಗಲುವಷ್ಟು ನೀಳವಾದಾಗ ಯಜಮಾನ ಹೇಳಿದಂತೆ ನಿಂಗ್ರುಮ್ ಕತ್ತರಿ ತಂದಳು. ತುದಿ ಚಿವುಟಿದರೆ ಕೆಳಗೆ ಕವಲೊಡೆಯುತ್ತದೆ, ಹಾಗೆಯೇ ಅದನ್ನು ಕುಳ್ಳ ಮಾಡಿ ಬೆಳೆಸುವುದು.

"ಇದನ್ನೂ ಕಡೀತೀಯಾ? ನಿಮ್ಮಪ್ಪನ ಮಗಳೇ ಸರಿ."

"ಕಡಿಯೋದಲ್ಲ ಅಜ್ಜಿ. ಕುಳ್ಳಗೆ ಇಟ್ರೆ ಮಾತ್ರ ಇದು ಈ ಮನೇಲಿ ಬದುಕತ್ತೆ."

"ಹೂಂ. ನಮ್ಮನ್ನೂ ಹಿಂಗೇ ಹೇಳಿ ಇಲ್ಲಿಗೆ ತಂದಿದ್ದು."

ಅಜ್ಜಿ ಕತ್ತರಿಸಿದ ತುಂಡುಗಳನ್ನು ನೆಲದಿಂದ ಒಂದೊಂದಾಗಿ ಆರಿಸಿ ಸೆರಗಿನ ಗಂಟಿಗೆ ಹಾಕಿಕೊಂಡಳು. ಆ ಮರದ ಕಡ್ಡಿಯನ್ನು ಕಸಕ್ಕೆ ಎಸೆಯುವುದು ನಮ್ಮಲ್ಲಿಲ್ಲ. ಮಣ್ಣಿಗೋ ನೀರಿಗೋ ಒಪ್ಪಿಸಬೇಕು. ಎಲ್ಲಿಗೆ ಒಯ್ದಳೆಂದು ಯಾರೂ ಕೇಳಲಿಲ್ಲ. ಈ ಕಟ್ಟಡದ ಸುತ್ತ ಒಂದು ಅಂಗೈಯಗಲ ಮಣ್ಣಿಲ್ಲ, ಎಲ್ಲ ಸಿಮೆಂಟು.

ಗಿಡ ಚಿಗುರಿದ ಸುದ್ದಿ ಐದು ಮಹಡಿಗೂ ಹಬ್ಬಿತು. ಗುರುವಾರ ಸಂಜೆ ಒಬ್ಬಳು ಬಂದಳು, ಮುಂದಿನ ಗುರುವಾರ ಆರು ಜನ. ನಿಂಗ್ರುಮ್ ಅಂಗಡಿಯಿಂದ ಬರುವುದು ಎಂಟರ ಮೇಲೆ. ಅಷ್ಟರೊಳಗೆ ಬಂದು ಹೋಗುತ್ತಿದ್ದರು. ಅಜ್ಜಿ ಮುಚ್ಚಳ ಸರಿಸುತ್ತಿದ್ದಳು. ಹಳೇ ಮರದ ಬುಡಕ್ಕೆ ಏನೇನು ಇಡುತ್ತಿದ್ದೆವೋ ಅದನ್ನೇ ಇಟ್ಟೆವು: ಗುಲಾಬಿ ಎಸಳು, ಮಲ್ಲಿಗೆ, ಒಂದು ಚಮಚ ಸಿಹಿ ಕಪ್ಪು ಕಾಫಿ, ಒಂದು ತುಣುಕು ಅಕ್ಕಿ ಕಡುಬು. ನಾನೂ ಮಲ್ಲಿಗೆ ಇಟ್ಟವಳೇ. ಅಜ್ಜಿ ಧೂಪದ ಕಡ್ಡಿ ಹಚ್ಚಿ, ಹೊಗೆ ಹೊರಗೆ ಹೋಗದಿರಲೆಂದು ಮುಚ್ಚಳ ಮುಚ್ಚುತ್ತಿದ್ದಳು. ನಿಂಗ್ರುಮ್ ಬರುವಷ್ಟರಲ್ಲಿ ಎಸಳುಗಳನ್ನು ಪಾಚಿಯ ಕೆಳಗೆ ಒತ್ತಿಡುತ್ತಿದ್ದಳು. ಪೂಜೆಯನ್ನು ಕಸದಂತೆ ಹೊರಗೆಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಹೊರಗಿನ ಮರದ ಬುಡದಲ್ಲಿ ಇರುವೆ ತಿನ್ನುತ್ತಿತ್ತು, ಮಳೆ ತೊಳೆಯುತ್ತಿತ್ತು. ಗಾಜಿನೊಳಗೆ ಇರುವೆಯೂ ಇಲ್ಲ, ಮಳೆಯೂ ಇಲ್ಲ ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎಂಟನೇ ವಾರ ಪಾಚಿ ಕಂದಿತು. ಒಂಬತ್ತನೇ ವಾರ ಬುಡದ ಸುತ್ತ ಬಿಳೀ ಬೂಷ್ಟು ಹತ್ತಿಯಂತೆ ಎದ್ದಿತು. ನಿಂಗ್ರುಮ್ ಕಡ್ಡಿಯಿಂದ ಮಣ್ಣು ಕೆದಕಿದಳು. ಕೊಳೆತ ಎಸಳು, ಕಡುಬಿನ ಲೋಳೆ, ಗಬ್ಬು ನಾತ. ಸಸಿಯನ್ನು ಮೆಲ್ಲಗೆ ಎತ್ತಿದರೆ ಬೇರಿನ ಸಿಪ್ಪೆ ಬೆರಳಿಗೇ ಜಾರಿ ಬಂತು.

"ಯಾರು?" ಅಂದಳು.

ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. "ಎಲ್ರೂ."

"ನಾನು ಹನಿ ಎಣಿಸಿ ನೀರು ಹಾಕ್ತಿದ್ದೆ ಅಜ್ಜಿ. ಹನಿ ಎಣಿಸಿ. ನೀವು ಕಾಫಿ ಕುಡಿಸ್ತಿದ್ರಾ?"

"ಕಾಯೋನಿಗೆ ಬರೀ ನೀರು ಕೊಟ್ಟು ಕೂರ್ಸಕ್ಕಾಗತ್ತಾ?"

"ಕಾಯೋನಿದ್ದಿದ್ರೆ ಆವತ್ತು ನಿಮ್ಮ ಮರನೇ ಕಾಯ್ಕೊತಿದ್ದ. ಅಪ್ಪ ಕಾಗದದಲ್ಲಿ ಕೊಂದ್ರು, ನೀವು ಹೂವಲ್ಲಿ ಕೊಂದ್ರಿ. ಇಬ್ರೂ ಒಂದೇ."

ಅಜ್ಜಿ ಮೊರ ಕೆಳಗಿಟ್ಟಳು. ಕಸ್ದಿ ಬಾಗಿಲಲ್ಲೇ ಇದ್ದ, ಆಗಷ್ಟೇ ಕೆಲಸದಿಂದ ಬಂದಿದ್ದ. ಮಗಳಿಗೆ ಅವನು ಹೇಳಿದ್ದು ಇಷ್ಟೇ: "ಮುದುಕಿಗೆ ಹಂಗನ್ನಬೇಡ. ನನಗೆ ಅನ್ನು, ನನಗೆ ಅಭ್ಯಾಸ ಆಗಿದೆ."

ನಿಂಗ್ರುಮ್ ಬೇರು ತೊಳೆದಳು, ಕೊಳೆತದ್ದನ್ನು ಕತ್ತರಿಸಿದಳು, ಹೊಸ ಮರಳು ಹಾಕಿದಳು, ಮುಚ್ಚಳ ತೆಗೆದಿಟ್ಟಳು. ಎಲೆಗಳು ಒಂದೊಂದೇ ಉದುರಿದವು. ಊಟಕ್ಕೆ ಒಂಬತ್ತು ದಿನ ಇರುವಾಗ ಕಡೆಯದೂ ಬಿತ್ತು. ಅಂದಿನಿಂದ ಅಜ್ಜಿ ಸೊಸೆಯ ಜೊತೆಗೂ ಮೊಮ್ಮಗಳ ಜೊತೆಗೂ ಮಾತಾಡಲಿಲ್ಲ. ಅನ್ನ ಬಡಿಸಿ ತಾನು ಮೂಲೆಗೆ ಹೋಗಿ ಕೂರುತ್ತಿದ್ದಳು. ಕಿಟಕಿಯ ಬಿಸಿಲು ಖಾಲಿ ಬಿದ್ದಿತ್ತು, ಮೊರ ಹಾಕುವವರಿರಲಿಲ್ಲ. ಪಾರ್ಮಾನ್ ಅಜ್ಜನಿಗೆ ಸುದ್ದಿ ಮುಟ್ಟಿಸಲು ನನ್ನನ್ನೇ ಕಳಿಸಿದರು. ಮುದುಕ ಕೇಳಿ, ಸರಿ ಹಾಗಾದರೆ, ಅಂದು ಬಾಗಿಲು ಹಾಕಿಕೊಂಡ.

ಊಟ ಇರಬೇಕಿದ್ದ ವಾರ ಕಸ್ದಿಗೆ ಹೊಸ ಕೆಲಸ ಬಿತ್ತು. ಶನಿವಾರ ದೊಡ್ಡ ಅಧಿಕಾರಿಗಳು ಕಟ್ಟಡ ನೋಡಲು ಬರುತ್ತಾರೆ, ಅಷ್ಟರೊಳಗೆ ಹಿಂದಿನ ಗೋಡೆಯ ಕಳೆಯೆಲ್ಲ ಹೆರೆದು ಸುಣ್ಣ ಬಳಿಯಬೇಕು. ಗೋಡೆಗೆ ಕಳೆ ಬಂದದ್ದು ಒಡೆದ ಕೊಳವೆಯಿಂದ. ಅದನ್ನು ಬದಲಾಯಿಸಿ ಅಂತ ಕಸ್ದಿ ಮೂರು ಸಲ ಬರೆದು ಕೊಟ್ಟಿದ್ದ. ಕೊಳವೆ ಬರಲಿಲ್ಲ, ಸುಣ್ಣ ಬಂತು.

ಬುಧವಾರ ಮಧ್ಯಾಹ್ನ ಅವನು ಊಟಕ್ಕೆಂದು ಮೇಲೆ ಬಂದ. ಚಾಪೆಯ ಮೇಲೆ ಕೂರಲಿಲ್ಲ. ಅಂಗೈಯಲ್ಲಿದ್ದ ಒಂದು ಚಿಂದಿಯನ್ನು ತಾಯಿಯ ಮುಂದೆ ಇಟ್ಟ. ಕಂದು ಬಣ್ಣದ, ಗಿಳಿಬಳ್ಳಿ ಚಿತ್ತಾರದ ಹಳೇ ಬಟ್ಟೆಯ ಪಟ್ಟಿ.

"ಇದು ನಿಂದೇ ಅಲ್ವಾ ಅಮ್ಮ?"

ಅಜ್ಜಿ ನೋಡಿದಳು. ಹೌದೆಂದು ತಲೆಯಾಡಿಸಿದಳು.

"ಪಾರ್ಮಾನ್ ಅಜ್ಜನ ಗೋಡೆ ಹಿಂದೆ, ಕೊಳವೆ ಸೋರೋ ಜಾಗದಲ್ಲಿ ಬಿರುಕಿಗೆ ಕಟ್ಟಿತ್ತು. ಏನೇನ್ ತುರುಕಿದ್ಯೋ ಅಲ್ಲಿ, ಹೂವು, ಕಡ್ಡಿ. ಎದ್ದು ಬಾ. ನಿಂಗ್ರುಮ್ ಎಲ್ಲಿ? ಅವಳನ್ನೂ ಕರಿ."

ನಾವೂ ಹಿಂದೆ ಹೋದೆವು. ಕಟ್ಟಡದ ಬೆನ್ನಿನಲ್ಲಿ, ಕಸದ ಡಬ್ಬಗಳ ಹಿಂದೆ, ಎದೆಯೆತ್ತರದ ಬಿರುಕು. ಅಲ್ಲಿ ಚಿವುಟಿದ ಕಡ್ಡಿಗಳಲ್ಲಿ ಒಂದು ನೆಟ್ಟಗೆ ನಿಂತು ಐದು ಎಲೆ ಬಿಟ್ಟಿತ್ತು. ಯಾರೂ ನೀರು ಎಣಿಸಿ ಹಾಕಿರಲಿಲ್ಲ. ಐದೂ ಎಲೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ನಿಂಗ್ರುಮ್ ಮೆಲ್ಲಗೆ ಎಳೆದು ನೋಡಿದಳು, ಕದಲಲಿಲ್ಲ.

"ಬೇರು ಒಳಗೆ ಹೋಗಿದೆ," ಅಂದಳು. "ಇದನ್ನ ಗಾಜಿಗೆ ಹಾಕಕ್ಕೆ ಬರಲ್ಲ. ಕಿತ್ರೆ ಹರಿಯತ್ತೆ."

"ಹಾಕ್ಲೇಬೇಡ," ಅಂದಳು ಅಜ್ಜಿ. ಏಳು ದಿನದಲ್ಲಿ ಅವಳ ಮೊದಲ ಮಾತು.

ಪಾರ್ಮಾನ್ ಅಜ್ಜ ಗೋಡೆಗೆ ಕಿವಿಗೊಟ್ಟವನಂತೆ ನಿಂತಿದ್ದ. ಆ ಗೋಡೆಯ ಒಳಮೈಗೇ ಅವನ ಚಾಪೆ. ಕಸ್ದಿ ಅವನಿಗೆ ಇದ್ದದ್ದು ಇದ್ದಂತೆ ಹೇಳಿದ: ಇದು ಆಲ, ಸುಮ್ಮನಿರುವ ಜಾತಿಯಲ್ಲ, ನಾಲ್ಕು ವರ್ಷಕ್ಕೆ ಗೋಡೆ ಸೀಳುತ್ತದೆ, ಮೊದಲು ಸೀಳುವುದು ನಿಮ್ಮ ತಲೆದೆಸೆ.

"ಈಗ್ಲೂ ನೀರು ಬರ್ತಿದೆಯಲ್ಲಪ್ಪ ಒಳಗೆ," ಅಂದ ಮುದುಕ. "ನೀರಿನ ಬದಲು ಬೇರು ಬರ್ಲಿ. ಶುಕ್ರವಾರ ಹತ್ತು ಗಂಟೆಗೆ ಊಟ ಇಲ್ಲೇ."

ಎರಡು ದಿನ ಕಸ್ದಿ ಗೋಡೆ ಹೆರೆದ. ಜರಿಗಿಡ, ಹುಲ್ಲು, ಪಾಚಿ ಎಲ್ಲ ಹೋಯಿತು. ಸುಣ್ಣ ಬಳಿದ. ಬೆಳ್ಳಗಿನ ಗೋಡೆಯ ನಡುವೆ ಆ ಐದೆಲೆ ಇನ್ನೂ ಎದ್ದು ಕಾಣುವಂತಾಯಿತು. ಹರ್ಯಾತಿ ಅವನನ್ನು ಒಂದೇ ಸಲ ಕೇಳಿದಳು, ಕೆಲಸ ಹೋದರೆ ಈ ಮನೆಯೂ ಹೋಗುತ್ತದೆ, ಗೊತ್ತಲ್ಲವಾ ಅಂತ. ಗೊತ್ತು ಅಂದ. ಅವಳು ಶುಕ್ರವಾರಕ್ಕೆ ಕಾರ್ಖಾನೆಗೆ ರಜೆ ಹೇಳಿ ಬಂದಳು.

ಶುಕ್ರವಾರ ಕಸದ ಡಬ್ಬಗಳನ್ನು ಆಚೆ ತಳ್ಳಿ, ಸಿಮೆಂಟು ತೊಳೆದು ಚಾಪೆ ಹಾಸಿದೆವು. ಅರಿಸಿನದ ಗೋಪುರದನ್ನ ಹದಿಮೂರು. ಕೇರಿಯಲ್ಲಿ ಅರವತ್ತು ಇರುತ್ತಿದ್ದವು. ತೆಂಗಿನತುರಿ ಬೆರೆಸಿದ ಸೊಪ್ಪು, ಸೋಯಾ ಕಾಳು ಹುದುಗಿಸಿ ಕರಿದ ತೆಂಪೆ, ಉಪ್ಪುಮೀನು, ಇಡೀ ಕಟ್ಟಡಕ್ಕೆ ಒಂದೇ ಕೋಳಿ. ಪಾರ್ಮಾನ್ ಅಜ್ಜ ಪ್ರಾರ್ಥನೆ ಮುಗಿಸಿದ. ಬಾಳೆ ಎಲೆಗೆ ಕೈ ಹಾಕುವ ಹೊತ್ತಿಗೆ ಸುಗೆಂಗ್ ಮೂಲೆ ತಿರುಗಿ ಬಂದ. ಕಂಕುಳಲ್ಲಿ ಅದೇ ಕಡತ.

ಅವನು ಕೂಗಾಡುವ ಮನುಷ್ಯನಲ್ಲ. ಎಲ್ಲರಿಗೂ ನಮಸ್ಕಾರ ಹೇಳಿ, ಗೋಡೆ ನೋಡಿ, ಕಡತ ಬಿಚ್ಚಿದ.

"ಕಸ್ದಿಯವರೇ, ಗೋಡೆ ಪೂರ್ತಿ ಸ್ವಚ್ಛ ಅಂತ ಇಲ್ಲೊಂದು ಸಹಿ ಬೇಕು. ಆ ಒಂದು ಕಡ್ಡಿ ಉಳಿದಿದೆ, ಅದನ್ನ ಈಗ್ಲೇ ತೆಗೆದುಬಿಡಿ. ಎರಡು ನಿಮಿಷದ ಕೆಲಸ. ನಾಳೆ ಬೆಳಗ್ಗೆ ಅವರು ಬರೋ ಹೊತ್ತಿಗೆ ಇದು ಕಂಡ್ರೆ ನಾನು ನಿಮ್ಮನ್ನ ಉಳಿಸಕ್ಕಾಗಲ್ಲ."

ಸುಣ್ಣದ ಕಲೆಯ ನೀಲಿ ಅಂಗಿಯಲ್ಲಿ ಕಸ್ದಿ ಚಾಪೆಯ ತುದಿಗೆ ಕೂತಿದ್ದ. ಹೆರೆಯುವ ಕತ್ತಿ ಪಕ್ಕದಲ್ಲೇ ಇತ್ತು. ಅವನು ಅರ್ಧ ಎದ್ದ. ನಾವು ಯಾರೂ ಅವನ ಮುಖ ನೋಡಲಿಲ್ಲ. ಮರಕ್ಕೆ ಸಹಿ ಬಿದ್ದ ದಿನವೂ ಹಾಗೇ ಬೇರೆ ಕಡೆ ನೋಡಿದ್ದೆವು.

ಅಜ್ಜಿ ಸುಮಿರಾ ಗೋಪುರದನ್ನದ ತುದಿಯನ್ನು ಮುರಿದು ಅವನ ಎಲೆಗೆ ಹಾಕಿದಳು. ಆ ತುದಿ ಕೇರಿಯ ಮುಖಂಡನಿಗೆ ಸಲ್ಲುವುದು. ಹಾಕಿ, ಸೊಸೆಯ ಕಡೆ ತಿರುಗದೆ, ನೇರ ಮಗನ ಮುಖಕ್ಕೇ ಹೇಳಿದಳು.

"ಕಸ್ದಿ, ಕೂತ್ಕೋ. ಉಣ್ಣು."

ಕಸ್ದಿ ಕೂತ. ಬಲಗೈಯನ್ನು ಅನ್ನದೊಳಗೆ ಮಣಿಕಟ್ಟಿನವರೆಗೂ ಇಟ್ಟ.

ಸುಗೆಂಗ್ ಲೇಖನಿ ಚಾಚಿದ. ಅಜ್ಜಿ ಅವನತ್ತ ನೋಡಿದಳು.

"ಅವನ ಕೈ ಎಂಜಲಾಗಿದೆ ಸ್ವಾಮಿ. ಎಂಜಲು ಕೈಲಿ ಸಹಿ ಹಾಕಿದ್ರೆ ನಿಮ್ಮ ಕಾಗದ ಕೊಳೆಯಾಗತ್ತೆ. ಊಟ ಮುಗೀಲಿ."

ಅವನು ನೆರಳಿಗೆ ಸರಿದು ನಿಂತ, ಗಡಿಯಾರ ನೋಡಿದ. ಕಸ್ದಿಯ ಎಲೆಯಲ್ಲಿ ಅನ್ನ ತಗ್ಗಿತು. ಅಜ್ಜಿ ಇನ್ನೊಂದು ಹಿಡಿ ಹಾಕಿದಳು. ಅದು ತಗ್ಗಿತು. ಹರ್ಯಾತಿ ತನ್ನ ಎಲೆಯಿಂದ ಎತ್ತಿ ಹಾಕಿದಳು, ನಿಂಗ್ರುಮ್ ಹಾಕಿದಳು. ಆಮೇಲೆ ನಾವೆಲ್ಲ ನಮ್ಮ ನಮ್ಮ ಪಾಲಿನಿಂದ ಒಂದೊಂದು ಹಿಡಿ ಅವನ ಕಡೆ ದಾಟಿಸತೊಡಗಿದೆವು.